ಈ ಗೋಡೆ ಬುಕ್ ಆಗಿದೆ

ನನ್ನ ತಮ್ಮನಿಗೆ ಗೋಡೆ ಹುಚ್ಚು. ಮಾತಿಗೆ ಹೇಳುತ್ತಿಲ್ಲ. ಕೆಲವರಿಗೆ ಇಸ್ಪೀಟು ಕಂಡರೆ ಕೈ ತುರಿಸುತ್ತದೆ, ಇವನಿಗೆ ಖಾಲಿ ಗೋಡೆ ಕಂಡರೆ. ಹೆಣ್ಣು ನೋಡಲು ಹೋದವನು ಬಂದ ಮೇಲೆ "ಹೆಂಗವ್ಳೋ ಹುಡುಗಿ?" ಅಂತ ಕೇಳಿದೆ. "ರೋಡಿಗೆ ಮುಖ ಮಾಡೈತೆ ಕಣಕ್ಕ, ಹದಿನೆಂಟಡಿ ಉದ್ದ, ಗಾರೆ ನುಣ್ಣಗೈತೆ" ಅಂದ! ಅದೇ ಮನೆಯ ಹುಡುಗಿಯನ್ನು ಕಟ್ಟಿಕೊಂಡ. ಪಾಪ, ಆ ಪುಣ್ಯಾತ್ಗಿತ್ತಿ ಮೂವತ್ತು ವರ್ಷ ಇವನ ಜೊತೆ ಬಾಳಿ ಹೋದಳು.

ಇವನು ಹುಟ್ಟಿದ್ದಕ್ಕೇ ನನ್ನನ್ನು ಎರಡನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದು. ಅವ್ವ ಗದ್ದೆಗೆ ಹೋದರೆ ಇವನನ್ನು ಸೊಂಟದ ಮೇಲೆ ಹೊರುವವರು ಬೇಕಲ್ಲ? ನಾನು ಅಕ್ಷರ ಬಿಟ್ಟೆ. ದೊಡ್ಡವನಾಗಿ ಇವನು ಊರ ತುಂಬ ಅಕ್ಷರ ಬರೆದ. ಇದಕ್ಕೇನನ್ನುತ್ತೀರಿ?

ಮಂಡ್ಯದ ಕಡೆ ಗೋಡೆ ಬರೆಯುವುದೇ ಅವನ ಕಸುಬು. ಸಿಮೆಂಟು, ಬೀಡಿ, ಬನಿಯನ್ನು, ಎಲೆಕ್ಷನ್ನು, ಏನು ಬೇಕಾದರೂ. ಆಮೇಲೆ ಫ್ಲೆಕ್ಸ್ ಬಂತು. ಕಂಪ್ಯೂಟರಿನಲ್ಲಿ ಒತ್ತಿದರೆ ಅರ್ಧ ಗಂಟೆಯಲ್ಲಿ ಶಾಸಕರ ಮುಖ ಆನೆಯಷ್ಟು ದೊಡ್ಡದಾಗಿ ಹೊರಬರುವಾಗ ಇವನನ್ನು ಯಾರು ಕೇಳುತ್ತಾರೆ? ಆರು ವರ್ಷ ಕುಂಚ ಮುಟ್ಟಲಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುತ್ತಾನೆ ಎಂದು ಅವನ ಮಗ ಫೋನಿನಲ್ಲಿ ಹೇಳಿದ. ನಾನಿರುವುದು ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ, ನರ್ಸು ಕೆಲಸದ ಮಗಳ ಮನೆಯಲ್ಲಿ. "ಮಾವನ್ನ ಮೂರು ತಿಂಗಳು ಕರೆಸೋಣ ಕಣಮ್ಮ, ಗಾಳಿ ಬದಲಾಗ್ಲಿ" ಅಂದಳು. ಗಾಳಿ ಬದಲಾಯಿತು. ಹುಚ್ಚು ಬದಲಾಗಲಿಲ್ಲ.

ವಿಮಾನ ಇಳಿದಲ್ಲೇ ಶುರುವಾಯಿತು. ಈ ದೇಶದವರಿಗೆ ಹೊರಗಿನ ಬೀಜ, ಹುಳ, ತುಪ್ಪಟ ಕಂಡರೆ ಭಯ. ಎಲ್ಲರೂ ಹುಣಸೇಹಣ್ಣಿಗೆ ಸಿಕ್ಕಿಬಿದ್ದರೆ ಇವನು ಸಿಕ್ಕಿಬಿದ್ದಿದ್ದು ಪಂಚೆಯಲ್ಲಿ ಸುತ್ತಿ ತಂದ ನಾಲ್ಕು ಕುಂಚಕ್ಕೆ. ಇದು ಯಾವ ಕೂದಲು ಅಂತ ಆಫೀಸರಮ್ಮ ಕೇಳಿದಳಂತೆ. ತಲೆ ಕೆರೆದುಕೊಂಡು ನಿಲ್ಲಬಾರದೇ? "ಸ್ಕ್ವಿರಲ್ ಮೇಡಂ! ಟೇಲ್! ಫಸ್ಟ್ ಕ್ಲಾಸ್!" ಅಂದನಂತೆ. ಹೊರಗೆ ನಾವು ಒಂದೂವರೆ ಗಂಟೆ ನಿಂತೆವು. ಆ ಅಳಿಲಿನ ಬಾಲವನ್ನು ಎಷ್ಟು ಜನ ಪರೀಕ್ಷೆ ಮಾಡಿ ವಾಪಸು ಕೊಟ್ಟರೋ! ಉಪ್ಪಿನಕಾಯಿ ಮಾತ್ರ ಐದು ನಿಮಿಷದಲ್ಲಿ ಪಾಸಾಗಿತ್ತಂತೆ.

ಮಾರನೇ ಬೆಳಿಗ್ಗೆ ಹಾಲು ತರಲು ಡೈರಿಗೆ ಕರೆದುಕೊಂಡು ಹೋದೆ. ಡೈರಿ ಎಂದರೆ ಇಲ್ಲಿ ಎಮ್ಮೆಯೂ ಇಲ್ಲ, ಹಸುವೂ ಇಲ್ಲ. ಮೂಲೆಯಂಗಡಿ, ಅಷ್ಟೇ. ನಡೆಸುವವಳು ಒಬ್ಬ ಗುಜರಾತಿ ಹೆಂಗಸು. ಅವಳಂಗಡಿಯ ಪಕ್ಕದ ಗೋಡೆಯ ಮೇಲೆ ಯಾರೋ ಕರೀ ಬಣ್ಣದಲ್ಲಿ ಗೀಚಿದ್ದರು. ಕಾಗೆ ಕಾಲಿಗೆ ಮಸಿ ಮೆತ್ತಿಕೊಂಡು ಓಡಾಡಿದ ಹಾಗೆ. ಇವನು ನಿಂತುಬಿಟ್ಟ.

"ಅಯ್ಯೋ ಅಕ್ಕ, ಬುಕ್ ಆಗ್ಬುಟ್ಟೈತಲ್ಲ!"

"ಏನೋ ಅದು ಬುಕ್ಕು?"

"ಗೋಡೆ ಕಣಕ್ಕ! ಯಾರೋ ಹಿಡಿದವ್ರೆ."

ನಮ್ಮ ಕಡೆ ಗೋಡೆ ಬರೆಯುವವರಲ್ಲಿ ಒಂದು ಕಟ್ಟುಪಾಡು ಇದೆ. ಒಳ್ಳೆ ಗೋಡೆ ಕಂಡರೆ ಮೂಲೆಯಲ್ಲಿ 'ಈ ಗೋಡೆ ಬುಕ್ ಆಗಿದೆ' ಎಂದು ನೀಲಿಯಲ್ಲಿ ಬರೆದು ಕೆಳಗೆ ತಮ್ಮ ಗುರುತು ಹಾಕಿ ಹೋಗುತ್ತಾರೆ. ಇವನ ಗುರುತು ಒಂದು ಪುಟ್ಟ ಗಿಳಿ. ಗುರುತು ಬಿದ್ದ ಗೋಡೆಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಮುಟ್ಟಿದರೆ ಮುಂಗೈ ಉಳಿಯುವುದಿಲ್ಲ! ಆದರೆ ಉಗಾದಿಯಿಂದ ಉಗಾದಿಗೆ ಮಾತ್ರ ಲೆಕ್ಕ. ಅಷ್ಟರಲ್ಲಿ ಕೆಲಸ ಮಾಡದಿದ್ದರೆ ಗುರುತು ಮತ್ತೆ ಬರೆಯಬೇಕು, ಇಲ್ಲದಿದ್ದರೆ ಗೋಡೆ ಕೈಬಿಟ್ಟಿತು ಅಂತಲೇ.

ಆಮೇಲೆ ಕಾರಿನಲ್ಲಿ ಎಲ್ಲಿಗೆ ಹೋದರೂ ಇದೇ ಗೋಳು. ಸೇತುವೆ ಕೆಳಗೆ ಗೀಚು: "ಅದೂ ಬುಕ್ಕು!" ರೈಲು ಹಳಿ ಪಕ್ಕ ಗೀಚು: "ಅದೂ ಅವ್ನೇ! ದುರಾಸೆ ನೋಡಕ್ಕ, ಊರ್ನೆಲ್ಲ ಹಿಡಿದವ್ನೆ, ಕೆಲ್ಸ ಮಾತ್ರ ಶುರು ಮಾಡಿಲ್ಲ." ಒಂದು ದಿನ ಕೌನ್ಸಿಲಿನ, ಅಂದರೆ ಇಲ್ಲಿಯ ಮುನ್ಸಿಪಾಲಿಟಿಯ, ವ್ಯಾನು ಬಂದು ಡೈರಿ ಗೋಡೆಯ ಗೀಚಿನ ಮೇಲೆ ಬೂದಿ ಬಣ್ಣ ಬಳಿಯಿತು. ಇವನಿಗೆ ಹಿಗ್ಗೋ ಹಿಗ್ಗು. "ನೋಡು, ಸರ್ಕಾರ್ದೋರೇ ಬಂದು ಅಸ್ತರು ಹೊಡೆದುಕೊಟ್ಟವ್ರೆ! ಇನ್ನು ಬರೆಯೋನು ಬರ್ಬೇಕು." ವಾರದಲ್ಲಿ ಮತ್ತೆ ಅದೇ ಕಾಗೆ ಕಾಲು. "ಅಯ್ಯೋ, ಮತ್ತೆ ಬುಕ್ಕೇ ಮಾಡವ್ನಲ್ಲ ಬಡ್ಡೀಮಗ!"

ಮಗಳು ಒಂದು ಭಾನುವಾರ ಸಿಟಿಗೆ ಕರೆದುಕೊಂಡು ಹೋದಳು. ಅಲ್ಲಿ ಮೂರಂತಸ್ತಿನ ಗೋಡೆಯ ತುಂಬ ಒಂದೇ ಒಂದು ಹಕ್ಕಿ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಇವನು ಕುತ್ತಿಗೆ ಎತ್ತಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ.

"ಕೆಲ್ಸ ಚೆನ್ನಾಗೈತೆ. ಅಂಗಡಿ ಹೆಸ್ರೆಲ್ಲೈತೆ?"

"ಅಂಗಡಿದಲ್ಲ ಮಾವ, ಆರ್ಟು. ಸುಮ್ನೆ ನೋಡೋಕೆ."

"ಸುಮ್ನೆ ನೋಡೋಕೆ ಮೂರಂತಸ್ತಾ? ಒಂದು ಫೋನ್ ನಂಬರಾದ್ರೂ ಬ್ಯಾಡ್ವಾ? ಕೋಳಿ ಬೇಕಾದೋರು ಎಲ್ಲಿಗೆ ಹೋಗ್ಬೇಕು?"

ಅದು ಈ ದೇಶದ ಕಾಡಿನ ಹಕ್ಕಿ, ಇಲ್ಲಿಯವರಿಗೆ ಅದರ ಮೇಲೆ ಪ್ರಾಣ. ಸದ್ಯ, ಸುತ್ತ ನಿಂತಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ.

ಅವನಿಗೆ ಬೇಕಿದ್ದಿದ್ದು ಒಂದೇ ಒಂದು ಗೋಡೆ. ಊರಿಗೆ ವಾಪಸು ಹೋಗುವ ಮೊದಲು ಒಂದು ಸಲ ಕುಂಚ ಆಡಿಸಬೇಕು, ಅಷ್ಟೇ. ಮಗಳದು ಬಾಡಿಗೆ ಮನೆ. ಮೂರು ತಿಂಗಳಿಗೊಮ್ಮೆ ಓನರ್ ಕಡೆಯವರು ಬಂದು ಗೋಡೆಯಲ್ಲಿ ಮೊಳೆ ತೂತು ಇದೆಯಾ ಅಂತ ಎಣಿಸಿ ನೋಡುತ್ತಾರೆ. ಅಲ್ಲಿ ನಡೆಯುವುದಿಲ್ಲ. ಡೈರಿ ಗೋಡೆ ಕೇಳೋ ಅಂದರೆ "ಹಿಡಿದೋನ್ನ ಕೇಳ್ದೆ ಹೆಂಗಕ್ಕ? ಧರ್ಮ ಅಲ್ಲ" ಅಂದ. ಅದಕ್ಕೆ ಏನು ಮಾಡಿದ ಗೊತ್ತಾ? ಮಡಿಸುವ ಕುರ್ಚಿ ಹಾಕಿಕೊಂಡು ಗೋಡೆಯ ಮುಂದೆ ಕೂತ. ಬುಕ್ ಮಾಡಿದವನು ಬಂದರೆ ಕೈಮುಗಿದು ಕೇಳಿ ಬಿಡಿಸಿಕೊಳ್ಳಬೇಕಂತೆ! ಕಾವಲು ಕೂತರೆ ಗೀಚುವವನು ಬಂದಾನೆಯೇ? ಗುಜರಾತಿಯವಳು ಮಾತ್ರ ಈ ಅಂಕಲ್ ನನ್ನ ಗೋಡೆ ಕಾಯುತ್ತಿದ್ದಾನೆ ಅಂದುಕೊಂಡು ದಿನಕ್ಕೊಂದು ಐಸ್‌ಕ್ರೀಂ ಕೊಟ್ಟಳು. ಎರಡು ವಾರ. ಇವನಿಗೆ ಸಕ್ಕರೆ ಕಾಯಿಲೆ!

ಕಾಲಲ್ಲಿ ಬಾವು ಬಂದಾಗ ಮಗಳು ರೇಗಿದಳು. "ಮಾವ, ಅದು ಬುಕ್ಕಿಂಗ್ ಅಲ್ಲ. ಯಾರೂ ಇಲ್ದಾಗ ಬಂದು ತಮ್ಮ ಹೆಸ್ರು ಗೀಚಿ ಓಡಿಹೋಗ್ತಾರೆ. ಅಷ್ಟೇ. ಯಾರೂ ಬರೋದಿಲ್ಲ."

ಬಾವು ಬಂದ ಕಾಲು ನೀವಿಕೊಳ್ಳುತ್ತಿದ್ದ ಇವನು ತಲೆ ಎತ್ತಿದ. "ಬರೀ ಹೆಸ್ರಾ? ಕೆಲ್ಸ ಮಾಡ್ದೆ ಹೆಸ್ರು ಮಾತ್ರ ಬರೆದ್ಬುಟ್ಟು ಹೋಯ್ತಾರಾ?"

"ನಮ್ಮೂರ ಶಾಸಕರು ಇನ್ನೇನು ಮಾಡ್ತಾರೆ? ಸುಮ್ಕಿರು" ಅಂದೆ.

ಅಷ್ಟರಲ್ಲಿ ಉಳಿದಿದ್ದು ಒಂದೇ ವಾರ. ಗುಜರಾತಿಯವಳನ್ನು ಕೇಳಿದರೆ ಖುಷಿಯಿಂದ ಹೂಂ ಅಂದಳು. ಹಾಲು, ಬ್ರೆಡ್ಡು, ಇಲ್ಲಿಯವರ ಕಡುಬಾದ ಪೈ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಬೇಕು ಅಂದಳು. ಭಾನುವಾರ ಗೋಡೆಗೆ ಬಿಳಿ ಬಳಿದ. ಸೋಮವಾರ ಬಟ್ಟೆಗೆ ಹಾಕುವ ನೀಲಿಯಲ್ಲಿ ದಾರ ಅದ್ದಿ ಒಂದು ತುದಿ ನನ್ನ ಕೈಗೆ ಕೊಟ್ಟ. "ಬಿಗಿಯಾಗಿ ಹಿಡ್ಕೊ ಅಕ್ಕ, ಅಲ್ಲಾಡ್ಬ್ಯಾಡ." ಎಪ್ಪತ್ತೊಂದು ವರ್ಷದವಳು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ನಿಂತೆ. ದಾರ ಎಳೆದು ಬಿಟ್ಟ. ಟಪ್! ಉದ್ದಕ್ಕೂ ನೀಲಿ ಗೆರೆ. ಅವನ ಕೈ ನಡುಗುತ್ತಿತ್ತು. ನಾನು ನೋಡಿದ್ದು ಅವನಿಗೂ ತಿಳಿಯಿತು.

"ಚಳಿ ಕಣಕ್ಕ" ಅಂದ.

"ಹೂಂ, ಚಳಿ" ಅಂದೆ.

ಮಂಗಳವಾರ ಮಳೆ ಹಿಡಿಯಿತು. ಬುಧವಾರ ಮಳೆ, ಗುರುವಾರ ಮಳೆ. ಒದ್ದೆ ಗೋಡೆಗೆ ಬಣ್ಣ ಹಿಡಿಯುವುದಿಲ್ಲ. ಇವನು ಕುಂಚ ಹಿಡಿದುಕೊಂಡು ಕಿಟಕಿಯಲ್ಲಿ ನಿಂತಿದ್ದ. ಶುಕ್ರವಾರ ವಿಮಾನ. ಹೋಗುವ ದಾರಿಯಲ್ಲಿ "ಎರಡು ನಿಮಿಷ" ಅಂತ ಡೈರಿ ಹತ್ತಿರ ಕಾರು ನಿಲ್ಲಿಸಲು ಹೇಳಿದ. ಸೂರಿನ ಕೆಳಗೆ ಒಣಗಿದ ಮೂಲೆಯಲ್ಲಿ ನೀಲಿಯಿಂದ ಬರೆದ. 'ಈ ಗೋಡೆ ಬುಕ್ ಆಗಿದೆ'. ಕೆಳಗೆ ಗಿಳಿ.

"ಬಂದು ಬರೀತೀನಿ" ಅಂದ. ವಿಮಾನ ಹತ್ತಿದ.

ತಿಂಗಳಾದ ಮೇಲೆ ಕೌನ್ಸಿಲಿನವನು ಬೂದಿ ಬಣ್ಣ ಹಿಡಿದುಕೊಂಡು ಬಂದ. ನಾನು ಹಾಲಿನ ಕ್ಯಾನು ಹಿಡಿದು ಅಡ್ಡ ನಿಂತೆ. "ನೋ! ಬುಕ್ಕಿಂಗ್! ಮೈ ಬ್ರದರ್ ಕಮಿಂಗ್!" ನನಗೆ ಬರುವ ಇಂಗ್ಲಿಷೆಲ್ಲ ಮುಗಿಯಿತು. ಗುಜರಾತಿಯವಳೂ ಹೊರಗೆ ಬಂದು ಇದು ನನ್ನ ಗೋಡೆ, ಇರಲಿ ಬಿಡು ಅಂದಳು. ಅವನು ಹೋದ.

ಉಗಾದಿ ಬಂತು. ತಮ್ಮ ಬರಲಿಲ್ಲ. ವಿಮಾನ ಹತ್ತುವಂತಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. "ಮುಂದಿನ ವರ್ಷ ಬತ್ತೀನಕ್ಕ" ಅಂತ ಫೋನಿನಲ್ಲಿ ಅಂದ. ಅವನ ದನಿಯೂ ಈಗ ಆ ಕೈಯ ಹಾಗೆಯೇ.

ಬೇವು ಬೆಲ್ಲ ತಿಂದು, ಇಂಡಿಯನ್ ಅಂಗಡಿಯಿಂದ ತರಿಸಿದ್ದ ನೀಲಿಯ ಡಬ್ಬಿ ಹಿಡಿದುಕೊಂಡು ಡೈರಿಗೆ ನಡೆದೆ. "ಅಮ್ಮ, ಈ ವಯಸ್ಸಲ್ಲಿ ಗೋಡೆ ಗೀಚ್ತೀಯಾ?" ಅಂತ ಮಗಳು ಹಿಂದಿನಿಂದ ಕೂಗಿದಳು. ಅರ್ಧ ಅಳಿಸಿಹೋಗಿದ್ದ ಅಕ್ಷರಗಳ ಮೇಲೇ ಬೆರಳಿನಲ್ಲಿ ತಿದ್ದಿದೆ. ಎರಡನೇ ಕ್ಲಾಸಿನ ಕೈ, ಎಲ್ಲ ಸೊಟ್ಟ. ಗಿಳಿ ಹೋಗಿ ಕೋಳಿಯಾಗಿದೆ.

ಆಗಲಿ. ಅದನ್ನು ನೋಡಿ ಬೈಯುವುದಕ್ಕಾದರೂ ಬರಲಿ.