ರೇಡಿಯೊದಲ್ಲಿ ಮ್ಯಾಚ್ ನೋಡಿದ ಮನೆ

ನಾನು ಮಳವಳ್ಳಿಯಿಂದ ಕೊತ್ತತ್ತಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ಸುಮಾರಿಗೆ. ಭಾರತದವರು ಯಾವ ದೇಶದ ಮೇಲೆ ಆಡಿದರೂ ಸರಿ, ಅಲ್ಲಿ ಒಂದು ಆಟ ನಡೆದರೆ ನಮ್ಮ ನಡುಮನೆಯಲ್ಲಿ ಇನ್ನೊಂದು ನಡೆದೇ ನಡೆಯುತ್ತಿತ್ತು. ಟೀವಿ ಹೇಗಿರುತ್ತದೆ ಅಂತ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ‘ಮ್ಯಾಚ್ ಕೇಳೋಣ’ ಅಂತ ಒಬ್ಬರೂ ಅನ್ನುತ್ತಿರಲಿಲ್ಲ, ‘ಮ್ಯಾಚ್ ನೋಡೋಣ’ ಅಂತಲೇ. ಗೂಡಿನಲ್ಲಿದ್ದ ರೇಡಿಯೊವನ್ನು ಎಲ್ಲರೂ ಕಣ್ಣು ಮಿಟುಕಿಸದೆ ನೋಡುತ್ತಾ ಕೂರುತ್ತಿದ್ದರು. ಅದಕ್ಕೆ ನಮ್ಮ ಮಾವ ಕಾನೂನು ಬೇರೆ ಮಾಡಿಟ್ಟಿದ್ದರು.

ಹೊಸ್ತಿಲ ಮೇಲಿನ ಬೀಗರು

ನಮ್ಮವರಿಗೆ ಒಳ್ಳೆಯದಾಗುವಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು, ಅಲುಗಬಾರದು. ಇದು ದೊಡ್ಡ ಕಾನೂನು.

ಇಂಗ್ಲೆಂಡಿನಲ್ಲಿ ಟೆಸ್ಟ್ ನಡೆಯುತ್ತಿದ್ದ ಒಂದು ಸಾಯಂಕಾಲ, ನನ್ನ ಮೈದುನನಿಗೆ ಹೆಣ್ಣು ಕೊಡುವ ಮಾತಾಡಲು ಆತಗೂರಿನಿಂದ ಹುಡುಗಿಯ ತಂದೆ ಬಂದರು. ಒಂದು ಕಾಲು ಒಳಗಿಟ್ಟರು, ಇನ್ನೊಂದು ಹೊರಗೇ ಇತ್ತು. ಆಗಲೇ ಇಂಗ್ಲೆಂಡಿನವರ ವಿಕೆಟ್ ಬಿತ್ತು.

“ಅಲ್ಲೇ ನಿಂತ್ಕಳಿ!” ಅಂತ ಮಾವ ಕೂಗಿದರು.

ಆ ಮನುಷ್ಯ ಹೆದರಿ ನಿಂತುಬಿಟ್ಟರು. ಮತ್ತೊಂದು ವಿಕೆಟ್ ಬಿತ್ತು. “ನೋಡ್ದ್ರಾ? ಕಾಲು ಎತ್ತಬ್ಯಾಡಿ!” ಅಂದರು ಮಾವ. ಅತ್ತೆ ನಾಚಿಕೊಂಡೇ ಹೊಸ್ತಿಲಿಗೆ ಕಾಫಿ ತಂದುಕೊಟ್ಟರು. ಇಂಗ್ಲೆಂಡಿನವರೆಲ್ಲ ಔಟಾಗುವ ತನಕ ಬೀಗರು ಹಾಗೇ ನಿಂತಿದ್ದರು.

ಆಟ ಮುಗಿದ ಮೇಲೆ ಮಾವ ಅವರ ಕೈ ಹಿಡಿದು ಒಳಗೆ ಕರೆತಂದರು. “ಇಂಥಾ ಕಾಲ್ಗುಣ ಇರೋ ಮನೆ ಹೆಣ್ಣ ಬ್ಯಾಡ ಅನ್ನಕ್ಕಾಯ್ತದಾ? ಮಾತು ಗಟ್ಟಿ ಆಯ್ತು, ಬುಡಿ!”

ಬೀಗರು ಮೊಣಕಾಲು ಒತ್ತಿಕೊಳ್ಳುತ್ತಾ ಹೇಳಿದರು: “ಆಗ್ಲಿ ಬೀಗ್ರೆ. ಮದ್ವೆ ಮಾತ್ರ ಮ್ಯಾಚ್ ಇಲ್ದಿದ್ ದಿನ ಇಟ್ಕಳಿ. ಇಲ್ದಿದ್ರೆ ನನ್ ಮಗಳು ಒಳಕ್ಕೇ ಬರಕಾಗಕಿಲ್ಲ.”

ಕಾವಲಿನವನ ಬ್ಯಾಟು

ಇಂಗ್ಲಿಷ್ ಕಾಮೆಂಟ್ರಿಯನ್ನು ಕನ್ನಡ ಮಾಡಿ ಹೇಳುತ್ತಿದ್ದವನು ಮಂಡ್ಯದಲ್ಲಿ ಕಾಲೇಜು ಓದಿದ್ದ ಈ ಮೈದುನನೇ. ಒಂದು ಟೆಸ್ಟಿನಲ್ಲಿ ದಿನದ ಆಟ ಮುಗಿಯುವ ಹೊತ್ತಿಗೆ ನಮ್ಮವರ ವಿಕೆಟ್ ಹೋಯಿತು. “ನೈಟ್ ವಾಚ್‌ಮನ್ ಬಂದ” ಅಂದ ಮೈದುನ.

ಒಲೆ ಮುಂದಿದ್ದ ಅತ್ತೆ ಎದ್ದು ಬಂದರು. “ರಾತ್ರಿ ಕಾವಲು ಕಾಯೋನ ಕೈಗೆ ಯಾಕ್ಲಾ ಬ್ಯಾಟ್ ಕೊಟ್ರು? ಪಾಪ, ನಿದ್ದೆಗೆಟ್ಟು ಬಂದಿರ್ತಾನೆ.”

ಅವನೂ ಆಟಗಾರನೇ, ದೊಡ್ಡ ಬ್ಯಾಟ್ಸ್‌ಮನ್ ಔಟಾಗದಿರಲಿ ಅಂತ ಅವನನ್ನು ಕಳಿಸಿದ್ದಾರೆ ಅಂತ ಮೈದುನ ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಒಪ್ಪಲಿಲ್ಲ. “ಕಾವಲಿಗೇ ತಾನೆ ಕಳಿಸಿರಾದು? ನಾನೂ ಅದ್ನೇ ಯೋಳಿದ್ದು.”

ಮಾರನೆಯ ದಿನ ದೊಡ್ಡ ದೊಡ್ಡವರೆಲ್ಲ ಬಂದಷ್ಟೇ ಬೇಗ ಹೋದರು. ಕಾವಲಿನವನು ಮಾತ್ರ ಊಟದ ಹೊತ್ತಾದರೂ ಅಲ್ಲಾಡಲಿಲ್ಲ. ಅತ್ತೆಯ ಮುಖದಲ್ಲಿ ಏನು ಗೆಲುವು! ಮಾವನನ್ನೇ ನೋಡುತ್ತಾ ಹೇಳಿದರು: “ಎಚ್ಚರ ಇದ್ದೋನು ಎಂಗೆ ಆಡ್ತಾವ್ನೆ ನೋಡಿ. ರಾತ್ರಿಯೆಲ್ಲ ಗೊರ್ಕೆ ಒಡ್ದೋರೆಲ್ಲ ಔಟು.”

ಬ್ಲಫ್‌ನ ಅಳಿಯಂದಿರು

ನಮ್ಮ ನಾದಿನಿಯ ಗಂಡನಿಗೆ ಜಲಪಾತದ ನೀರಿನಿಂದ ಕರೆಂಟ್ ಮಾಡುವ ಊರಾದ ಬ್ಲಫ್‌ನ ಕರೆಂಟ್ ಸ್ಟೇಷನ್ನಿನಲ್ಲಿ ಕೆಲಸ. ಮನೆಯಲ್ಲಿ ದೀಪ ಹೋದಾಗಲೆಲ್ಲ ಮಾವ ಅವರನ್ನೇ ಬಯ್ಯುತ್ತಿದ್ದರು, ಎದುರಿಗಲ್ಲ.

ಒಂದು ಸಲ ಅಳಿಯಂದಿರು ಮ್ಯಾಚ್ ನೋಡಲೆಂದೇ ರಜ ಹಾಕಿ ಬಂದಿದ್ದರು. ನಮ್ಮವರು ಗೆಲ್ಲಲು ಇನ್ನು ಸ್ವಲ್ಪವೇ ಬಾಕಿ. ಕರೆಂಟ್ ಹೋಗಿ ರೇಡಿಯೊ ಸತ್ತುಹೋಯಿತು. ಮಾವ ನಿಧಾನವಾಗಿ ತಿರುಗಿದರು.

“ಅಳಿಯಂದ್ರೆ, ನೀವಿಲ್ಲಿ ಬೋಂಡ ತಿಂತಾ ಕುಂತಿದ್ರೆ ಅಲ್ಲಿ ಕರೆಂಟ್ ಮಾಡೋರ್ಯಾರು?”

“ಮಾವ, ನಾನಲ್ಲಿ ಬರೀ ಸ್ಟೋರ್ ನೋಡ್ಕಳೋನು. ನಟ್ಟು ಬೋಲ್ಟು ಕೊಡೋನು.”

“ನೀವು ನಟ್ಟು ಕೊಟ್ರೆ ತಾನೆ ಮಿಷನ್ ತಿರುಗಾದು?”

ಅಳಿಯಂದಿರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ಅವರು ಇಳಿದದ್ದೂ ಕರೆಂಟ್ ಬಂದದ್ದೂ ಒಟ್ಟಿಗೆ! ನಮ್ಮವರು ಗೆದ್ದೂಬಿಟ್ಟರು. ಮಾವ ಬೀದಿಯವರಿಗೆಲ್ಲ ಹೇಳಿದ್ದೇ ಹೇಳಿದ್ದು: “ನಮ್ಮ ಅಳಿಯಂದ್ರು ಡ್ಯೂಟಿಗೆ ಒಂಟ್ರು ಅಂತ ತಿಳೀತಿದ್ದಂಗೇ ಮಿಷನ್ನು ಎದರ್ಕಂಡು ತಿರುಗ್ತು!”

ನಾನು ಕೊಟ್ಟ ಗೋಲು

ಹಾಕಿ ವಿಶ್ವಕಪ್ಪಿನ ಫೈನಲ್. ಎದುರಿಗೆ ಪಾಕಿಸ್ತಾನ. ರೇಡಿಯೊ ತಿರುಗಿಸಿದರೆ ಸರಿಯಾಗಿ ಸಿಕ್ಕಿದ್ದು ಹಿಂದಿ ಕಾಮೆಂಟ್ರಿ ಮಾತ್ರ. ಮೈದುನನ ಇಂಗ್ಲಿಷ್ ಅಲ್ಲಿ ನಡೆಯಲಿಲ್ಲ.

ಮಾವ ಸೊಸೆಯಂದಿರ ಜೊತೆ ನೇರವಾಗಿ ಮಾತಾಡುವವರಲ್ಲ. ಗೋಡೆ ನೋಡಿಕೊಂಡು ಅತ್ತೆಗೆ ಅಂದರು: “ನಿನ್ ದೊಡ್ ಸೊಸೆ ಇಂದಿ ಪರೀಕ್ಸೆ ಪಾಸ್ ಮಾಡವ್ಳಲ್ಲ? ಬಂದು ರೇಡಿಯೊ ಪಕ್ಕ ಕುಂತ್ಕಳಕ್ಕೆ ಯೋಳು.”

ಅಡುಗೆಮನೆ ಬಾಗಿಲಲ್ಲಿ ನಿಂತು ಮ್ಯಾಚ್ ನೋಡುತ್ತಿದ್ದ ನಾನು ಗಂಡಸರ ಮುಂದೆ ಹೋಗಿ ಕೂತೆ. ನಾನು ಕಲಿತ ಹಿಂದಿಯಲ್ಲಿ ರಾಮ ಕೂತುಕೊಂಡು ನಿಧಾನವಾಗಿ ಮಾವಿನಹಣ್ಣು ತಿನ್ನುತ್ತಿದ್ದ. ಇಲ್ಲಿ ಒಬ್ಬ ಉಸಿರೇ ಎಳೆದುಕೊಳ್ಳದೆ ಕೂಗುತ್ತಿದ್ದಾನೆ! ಆದರೂ ಬಿಡಲಿಲ್ಲ. “ಬಲಗಡೆ ಹೋಯ್ತು... ನಮ್ಮವರ ಕೈಲಿ... ತಪ್ತು...” ಅಂತ ಸಿಕ್ಕಷ್ಟು ಹೇಳುತ್ತಾ ಹೋದೆ. ಪಾಕಿಸ್ತಾನದವರು ಮೊದಲು ಗೋಲ್ ಹೊಡೆದಾಗ ಎಲ್ಲರೂ ನಾನೇ ಹೊಡೆದ ಹಾಗೆ ನನ್ನನ್ನು ನೋಡಿದರು. ಆಮೇಲೆ ನಮ್ಮವರು ಸಮ ಮಾಡಿದರು. ಮನೆ ಉಸಿರಾಡಿತು.

ಮತ್ತೆ ಒಮ್ಮೆಲೇ ರೇಡಿಯೊದಲ್ಲಿ ಗದ್ದಲ. ಚೆಂಡು ಕಂಬಕ್ಕೆ ತಗಲಿ ವಾಪಸ್ ಬಂತಂತೆ. ನಮ್ಮವರು ಗೋಲ್ ಅಂತಾರೆ, ಅವರು ಅಲ್ಲ ಅಂತಾರೆ. ಅಂಪೈರ್ ಏನಂದ ಅನ್ನುವಷ್ಟರಲ್ಲಿ ಗರಗರ ಗರಗರ, ಬೇರೇನೂ ಇಲ್ಲ.

ಮಾವ ಗೋಡೆಯನ್ನೂ ಮರೆತರು, ಅತ್ತೆಯನ್ನೂ ಮರೆತರು. ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, “ಗೋಲೋ ಅಲ್ವೋ ಯೋಳವ್ವ!” ಅಂದರು. ಆ ಮುಖ ನೋಡಿ ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.

“ಗೋಲು, ಮಾವ!”

ಮನೆ ಎದ್ದು ಕುಣಿಯಿತು. ಮಾವ ಟವಲ್ ಬೀಸುತ್ತಾ ಬೀದಿಗೆ ಓಡಿದರು. ನಾನು ರೇಡಿಯೊ ಕಿವಿ ಹಿಂಡುತ್ತಾ ಕೂತೆ. ಕೊನೆಗೂ ಅದು ಬಾಯಿಬಿಟ್ಟಿತು: ಅಂಪೈರ್ ಗೋಲ್ ಕೊಟ್ಟಿದ್ದಾನೆ, ಭಾರತ ಎರಡು, ಪಾಕಿಸ್ತಾನ ಒಂದು! ಆಟ ಮುಗಿದಾಗಲೂ ಅದೇ ಲೆಕ್ಕ. ವಿಶ್ವಕಪ್ ನಮ್ಮದು.

ಆ ಗರಗರದಲ್ಲಿ ಏನೂ ಕೇಳಿಸಿರಲಿಲ್ಲ ಅನ್ನುವುದು ಮಾವನಿಗೂ ಗೊತ್ತಿತ್ತು. ಸಂಜೆ ಅರಳಿಕಟ್ಟೆಯಲ್ಲಿ ಊರೆಲ್ಲ ಕೂಡಿದ್ದಾಗ ಮೀಸೆ ತಿರುವಿಕೊಂಡು ಹೇಳಿದರು:

“ಅಂಪೈರ್ ಪಾಪ ಯೋಚ್ನೆ ಮಾಡ್ತಾ ನಿಂತಿದ್ನಂತೆ ಕಣ್ರಲಾ. ನನ್ ಸೊಸೆ ಗೋಲ್ ಕೊಟ್ಟಾದ್ ಮ್ಯಾಲೆ ಅವ್ನೂ ಕೊಟ್ಟ!”