ದುಂಡಕ್ಷರದವನ ಅಂಜಿಕೆಗಳು

ಫೋನು ಬಂದರೆ ಮೊದಲು ನನ್ನ ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಕೈ ಅದನ್ನು ಎತ್ತುತ್ತದೆ. ಹುಬ್ಬಳ್ಳಿಯಲ್ಲಿ ನನ್ನದು ಬೋರ್ಡು ಮಾಡುವ ಅಂಗಡಿ. ಕಂಪ್ಯೂಟರಿನಲ್ಲಿ ನಾನೇ ಒಂದು ಕನ್ನಡ ಫಾಂಟ್ ಮಾಡಿದ್ದೇನೆ. ಹೆಬ್ಬೆರಳಿನಷ್ಟು ದಪ್ಪ ಗೆರೆ, ಎಲ್ಲೂ ಒಂದು ಮೂಲೆಯಿಲ್ಲ, ತಲೆಕಟ್ಟು ಕೂಡ ಉಬ್ಬಿದ ಪೂರಿಯ ಹಾಗೆ. ದೂರದಿಂದಲೂ ಓದಬಹುದು, ಎಲ್ಲರಿಗೂ ಹಿಡಿಸಿತು. ಅಲ್ಲಿಂದ ಒಂದಲ್ಲ ಒಂದು ಗಂಡಾಂತರ ನಡೆದೇ ಇದೆ.

ಕರೆಂಟಿನ ಪೆಟ್ಟಿಗೆ

ತಾರಿಹಾಳದ ಸಣ್ಣ ಕಾರ್ಖಾನೆಯೊಂದಕ್ಕೆ, ಕರೆಂಟಿನ ಪೆಟ್ಟಿಗೆಯ ಮೇಲೆ ಹಾಕಲು 'ಅಪಾಯ, ಮುಟ್ಟಬೇಡಿ' ಎಂಬ ಬೋರ್ಡು ಇದೇ ಫಾಂಟಿನಲ್ಲಿ ಮಾಡಿಕೊಟ್ಟೆ. ವಾರದ ಮೇಲೆ ಮ್ಯಾನೇಜರ್ ಫೋನು ಮಾಡಿ, ಲಗೂ ಬರ್ರಿ ಎಂದಷ್ಟೇ ಹೇಳಿ ಇಟ್ಟರು. ಯಾರಿಗೋ ಶಾಕ್ ಹೊಡೆದಿದೆ ಎಂದುಕೊಂಡೆ. ದಾರಿಯುದ್ದಕ್ಕೂ ಸ್ಕೂಟರ್ ನಡುಗಿತು, ಅಥವಾ ನಾನು. ಹೋಗಿ ನೋಡಿದರೆ ಆ ಪೆಟ್ಟಿಗೆಗೆ ನಾಲ್ಕು ಬುತ್ತಿ ಚೀಲ ನೇತು ಹಾಕಿದ್ದರು. ಅದಕ್ಕೇ ಒರಗಿ ಒಬ್ಬ ಕೆಲಸಗಾರ ರೊಟ್ಟಿ ತಿನ್ನುತ್ತಿದ್ದ. ಬೋರ್ಡು ಓದಲಿಲ್ಲವೇನು ಎಂದು ಕೇಳಿದೆ.

“ಓದೇನ್ರಿ. ಆದ್ರ ಅಕ್ಷರ ನೋಡಿದ್ರ, ಬರ್ರಿ, ಕುಂದರ್ರಿ ಅಂದಂಗ ಅನಸ್ತೈತ್ರಿ.”

ಇಲಿ ಪಾಷಾಣ

ತಾರಿಹಾಳಕ್ಕೆ ಅದೇ ದಿನ ಚೂಪು ಅಕ್ಷರದ ಬೋರ್ಡು ಹಾಕಿಸಿದೆ. ಬುದ್ಧಿ ಮಾತ್ರ ಬರಲಿಲ್ಲ. ಹೆಬ್ಬಳ್ಳಿಯ ವ್ಯಾಪಾರಿಯೊಬ್ಬರು ಇಲಿ ಪಾಷಾಣದ ಪೊಟ್ಟಣಕ್ಕೆ ಹಚ್ಚಲು 'ವಿಷ' ಎಂಬ ಚೀಟಿ ಕೇಳಿದಾಗ ಮತ್ತೆ ದುಂಡಕ್ಷರವನ್ನೇ ಕೊಟ್ಟೆ. ಮರುದಿನ ಅವರ ಫೋನು. ಮನೆಯಲ್ಲಿ ಒಂದು ಪೊಟ್ಟಣ ಕಾಣುತ್ತಿಲ್ಲ, ಮಕ್ಕಳು ಬೇರೆ ಇದ್ದಾರೆ ಎಂದರು. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಓಡಿದೆ. ಎಲ್ಲರೂ ಸೇರಿ ಹುಡುಕಿದಾಗ ಅಡುಗೆಮನೆಯ ಬೇಸನ್ ಉಂಡಿ ಡಬ್ಬಿಯೊಳಗೆ ಸಿಕ್ಕಿತು. ದೇವರ ದಯೆ, ಪೊಟ್ಟಣ ಒಡೆದಿರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಇಟ್ಟವರು ವ್ಯಾಪಾರಿಯ ತಾಯಿ. ಅವರಿಗೆ ಓದಲು ಬರುವುದಿಲ್ಲ. ನನಗೆ ನೀರು ಕೊಡುತ್ತ ಸಮಾಧಾನದಿಂದ ಹೇಳಿದರು:

“ಚೀಟಿ ಮ್ಯಾಲೆ ನೀವ ಉಂಡಿ ಚಿತ್ರ ತಗದೀರಿ. ಮತ್ತ ಎಲ್ಲಿ ಇಡಬೇಕಿತ್ತ್ರಿ?”

ಹಲ್ಲು

ನಮ್ಮ ಚರ್ಚಿನ ಹಿರಿಯರೊಬ್ಬರು ಧಾರವಾಡದಲ್ಲಿ ಹಲ್ಲಿನ ಡಾಕ್ಟರು. ಮೆತ್ತಗಿನ ಅಕ್ಷರ ನೋಡಿದರೆ ಪೇಶಂಟುಗಳ ಅಂಜಿಕೆ ಕಡಿಮೆಯಾದೀತು ಎಂದು, 'ಹೆದರಬ್ಯಾಡ್ರಿ, ನೋವಾಗಂಗಿಲ್ಲ' ಎಂದು ಗೋಡೆ ತುಂಬ ನನ್ನಿಂದ ಬರೆಸಿದ್ದರು. ಇಲ್ಲಾದರೂ ನನ್ನ ಫಾಂಟ್ ಸರಿಯಾದ ಜಾಗಕ್ಕೆ ಬಂತು ಎಂದು ಹಿಗ್ಗಿದ್ದೆ. ಆರು ತಿಂಗಳಿಗೆ ನನ್ನದೇ ದವಡೆ ಹಲ್ಲು ಹುಳುಕಾಗಿ ಅದೇ ಕುರ್ಚಿಯಲ್ಲಿ ಕೂತೆ. ಇಕ್ಕಳ ಕಂಡದ್ದೇ ಬಾಯಿ ಮುಚ್ಚಿಕೊಂಡೆ. ಡಾಕ್ಟರು ಬೇಸರಿಸದೆ ಗೋಡೆ ತೋರಿಸಿದರು.

“ಗೋಡಿ ಮ್ಯಾಲಿಂದು ಓದ್ರಿ. ನೀವ ಬರದದ್ದು.”

“ಅದಕ್ಕ ಅಂಜಿಕಿ ಬರಾಕತ್ತೈತ್ರಿ,” ಎಂದೆ. “ಬರಿಯೋ ಮುಂದ, ಖರೇನ ನೋವಾಗಂಗಿಲ್ಲೇನಂತ ನಾ ಯಾರನ್ನೂ ಕೇಳಿದ್ದಿಲ್ಲ.”

ಬಾಗಿಲು ತೆರೆದಿತ್ತು. ಹೊರಗೆ ಸರದಿಗೆ ಕಾದಿದ್ದ ಮೂವರಲ್ಲಿ ಇಬ್ಬರು ಚಪ್ಪಲಿ ಹುಡುಕುವ ಸದ್ದು ಕೇಳಿತು. ಮೂರನೆಯವರು ಬರಿಗಾಲಲ್ಲೇ ಹೋದರಂತೆ.