ಪುಟ್ಟರಾಜು ಮುಚ್ಚದ ಬಿರುಕು

ಕಿಕ್ಕೇರಿಯ ಪುಟ್ಟರಾಜು ಯಾರ ಮನೆಗೆ ಹೋದರೂ ಮೊದಲು ನೋಡುವುದು ಚಾವಣಿ. ಮನೆಯವರ ಮುಖ ಆಮೇಲೆ. ತಾರಸಿ ಸೋರದಂತೆ ಬಿರುಕು ಮುಚ್ಚುವುದು ಅವನ ಕಸುಬು. ಒಮ್ಮೆ ಸಾವಿನ ಮನೆಯಲ್ಲಿ ಹೆಣಕ್ಕೆ ಕೈಮುಗಿದು ಎದ್ದವನೇ ಮೇಲೆ ನೋಡಿ, "ಮೂಲೆಲಿ ತ್ಯಾವ ಒಡ್ದೈತಲ್ಲಪ್ಪ" ಅಂದುಬಿಟ್ಟಿದ್ದ. (ಸತ್ತವರ ಮಗ ಅಳು ನಿಲ್ಲಿಸಿ ಮೇಲೆ ನೋಡಿದ ಎಂಬುದೂ ನಿಜ.) ಗಿರಾಕಿಗಳಿಗೆಲ್ಲ ಅವನದು ಒಂದೇ ಮಂತ್ರ. "ಮಳೆ ಬರೋಕ್ ಮುಂಚೆ ಕರೀರಿ. ನೀರು ಒಳಿಕ್ಕೆ ಇಳುದ್ಮೇಲೆ ಕರುದ್ರೆ ನಾನೇನ್ ಮಾಡಕಾಯ್ತದೆ?"

ಇಂಥ ಸೋರಿಕೆ ಸಂಹಾರಿಯ ಮಗಳು ಧನುಶ್ರೀ ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹಲ್ಲಿನ ಡಾಕ್ಟರು ಬಂದರು. ನೂರ್ ಫಾತಿಮಾ ಅಂತ, ಚಿಕ್ಕ ವಯಸ್ಸು, ತಾಳ್ಮೆ ದೊಡ್ಡದು. ದವಡೆ ಹಲ್ಲಿನ ಮೇಲೆ ಸಣ್ಣ ಸಣ್ಣ ಗೀರುಗಳಿರುತ್ತವೆ, ತಿಂದದ್ದು ಅಲ್ಲಿ ಸೇರಿಕೊಂಡು ಹುಳುಕು ಹಿಡಿಯುತ್ತದೆ, ಅದಕ್ಕೆ ಮುಂಚೆಯೇ ಒಂದು ಲೇಪ ಹಚ್ಚಿ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿಬಿಡುತ್ತೇವೆ ಎಂದು ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಹೇಳಿದರು. ಸೂಜಿಯಿಲ್ಲ, ಕೊರೆಯುವುದಿಲ್ಲ, ಕಾಸೂ ಇಲ್ಲ. ಹೂಂ ಅಂದರೆ ಸಾಕು.

ಅಲ್ಲಿದ್ದವರಲ್ಲಿ ಈ ಮಾತು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕಾದವನು ಎದ್ದು ನಿಂತ.

"ಮೇಡಂ, ಇದು ಹಾಲಲ್ಲು. ಇವತ್ತಲ್ಲ ನಾಳಿಕ್ಕೆ ಬಿದ್ದೋಯ್ತದೆ. ಬೀಳೋದ್ಕೆ ಯಾಕ್ ಮೇಡಂ ಲೇಪ?"

"ಇದು ಹಾಲುಹಲ್ಲಲ್ಲ. ಆರು ವರ್ಷಕ್ಕೆ ಹಿಂದುಗಡೆ ಹೊಸದಾಗಿ ಬರುವ ಹಲ್ಲು. ಸಾಯೋವರೆಗೂ ಇದೇ."

"ಯಾವಲ್ಲು ಬಿದ್ದು ಇದು ಬಂತು, ಯೇಳಿ?"

"ಯಾವುದೂ ಬೀಳೋದಿಲ್ಲ. ಇದು ತಾನಾಗೇ..."

"ನೋಡುದ್ರಾ!" ಪುಟ್ಟರಾಜು ಜನರ ಕಡೆ ತಿರುಗಿದ. "ಯಾವ್ದೂ ಬೀಳ್ದೆ ಬಂದೈತೆ ಅಂದ್ಮೇಲೆ ಇದೇ ಮೊದುಲ್ನೇದು. ಮೊದುಲ್ನೇದು ಹಾಲಲ್ಲೇ ಅಲ್ವಾ? ಅದೂ ಅಲ್ದೆ ನಾವು ಮುದ್ದೆ ನುಂಗೋ ಜನ ಮೇಡಂ, ಅಗಿಯೋ ಜನ ಅಲ್ಲ!"

ಶಾಲೆಯ ಜಗಲಿಯೆಲ್ಲ ಗೊಳ್ಳೆಂದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನೂರ್ ಫಾತಿಮಾ ಏನೋ ಹೇಳುತ್ತಲೇ ಇದ್ದರು, ಆದರೆ ವಿಜಯಿಯ ಕಿವಿಗೆ ಚಪ್ಪಾಳೆ ಬಿಟ್ಟು ಬೇರೇನೂ ಬೀಳಲಿಲ್ಲ. ಹೊರಡುವಾಗ ಶಾಲೆಯ ಚಾವಣಿಯ ಬಿರುಕನ್ನು ಹೆಡ್‌ಮಾಸ್ಟರಿಗೆ ತೋರಿಸಿ, ಮಳೆಗೆ ಮುಂಚೆ ಕರೆಯಿರಿ ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಮನೆಯಲ್ಲಿ ಹೆಂಡತಿ ಸಹನ ಹೆಸರಿಗೆ ತಕ್ಕಂತೆ ಇರಲಿಲ್ಲ. "ನಮ್ ಬೀದಿ ಮಕ್ಳಿಗೆಲ್ಲಾ ಹಾಕ್ಸವ್ರೆ. ನಮ್ ಮಗೀಗೆ ಏನಾಗಿತ್ತು?"

"ನಾನು ಕೇಳಿದ್ ಪ್ರಶ್ನೆಗೆ ಆ ಡಾಕ್ಟ್ರಮ್ಮನೇ ಸುಸ್ತಾದ್ರು ಗೊತ್ತಾ?"

"ಅವ್ರು ಸುಸ್ತಾದ್ರೆ ಇವ್ಳ ಹಲ್ಲು ಗಟ್ಟಿಯಾಯ್ತದಾ?"

ವರ್ಷ ತುಂಬುವ ಹೊತ್ತಿಗೆ ಆ ಹೊಸ ದವಡೆ ಹಲ್ಲುಗಳಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ. ಆಮೇಲೆ ಗುಳಿ. ಪುಟ್ಟರಾಜುವಿನ ತಾಯಿ ಮಾದಮ್ಮ ಲವಂಗ ಇಟ್ಟರು, ಮುಕ್ಕಳಿಸಲು ಉಪ್ಪುನೀರು ಕೊಟ್ಟರು. "ಬೀಳೋ ಹಲ್ಲು ವಸಿ ನೋಯ್ತದೆ, ಬುಡು" ಎಂದು ಪುಟ್ಟರಾಜು ಕೆಲಸಕ್ಕೆ ಹೋದ. ಧನುಶ್ರೀ ಮೊದಲು ಒಂದೇ ಪಕ್ಕದಲ್ಲಿ ಅಗಿದಳು. ನಂತರ ಚಕ್ಕುಲಿ ಬಿಟ್ಟಳು, ರೊಟ್ಟಿ ಬಿಟ್ಟಳು. ಒಂದು ಭಾನುವಾರ ಕೆನ್ನೆ ಊದಿಕೊಂಡು ತಟ್ಟೆಯ ಮುಂದೆ ಸುಮ್ಮನೆ ಕೂತಳು. ಕಣ್ಣಿಂದ ನೀರು ಸಾರಿಗೇ ಬೀಳುತ್ತಿತ್ತು. ಮುದ್ದೆ ಅಗಿಯಬೇಕಾಗಿಲ್ಲ, ಸರಿ. ಆದರೆ ನುಂಗುವುದಕ್ಕೂ ಬಾಯಿ ತೆರೆಯಬೇಕಲ್ಲ.

ಕೆ.ಆರ್. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ನೋಡಿದರು. ಉಳಿಸಲು ಏನೂ ಉಳಿದಿಲ್ಲ, ಕೀಳಬೇಕು ಎಂದರು. ಮದ್ದು ಕೊಟ್ಟು ಊತ ಇಳಿದ ಮೇಲೆ ಕಿತ್ತರು. ಸೂಜಿ ಕಂಡು ಮಗು ಕಿರುಚಿದ ಕಿರುಚಾಟಕ್ಕೆ ಪುಟ್ಟರಾಜು ಹೊರಗೆ ಓಡಿಬಂದ. ಸುಮ್ಮನಿರಲಾರದೆ ಕಂಪೌಂಡರಿಗೆ ಸಜ್ಜದ ಬಿರುಕು ತೋರಿಸುತ್ತಾ ನಿಂತ. ಡಾಕ್ಟರು ಒಳಗೆ ಹೇಳಿದ್ದೆಲ್ಲ ಆ ಬಿರುಕಿನಲ್ಲೇ ಇಳಿದುಹೋಯಿತು.

ಮನೆಗೆ ಬಂದ ಮೇಲೆ ಶಾಸ್ತ್ರ ಶಾಸ್ತ್ರವೇ. ಮಾದಮ್ಮ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಕೊಟ್ಟರು. ಪುಟ್ಟರಾಜು ಮಗಳ ಕೈ ಹಿಡಿದು ತಾರಸಿಯ ಮೇಲಕ್ಕೆ ಎಸೆಸಿದ. "ನೋಡ್ತಿರು ಕೂಸೇ, ಮುತ್ತಿನಂತದು ಬತ್ತದೆ."

ಮಗು ನೋಡುತ್ತಲೇ ಇತ್ತು. ಬೆಳಿಗ್ಗೆ ಕನ್ನಡಿ ಹಿಡಿದು ಬಾಯಿ ಅಗಲಿಸಿ, "ಬಂತಾ ಅಪ್ಪ?" ಅನ್ನುವುದು. ಅವನು ಇಣುಕಿ, "ಇನ್ನೇನು, ಬತ್ತದೆ" ಅನ್ನುವುದು. ಮುಂದಿನ ಹಲ್ಲುಗಳು ಬಿದ್ದು ಹೊಸವು ಬಂದವು. ಆ ಗುಂಡಿ ಗುಂಡಿಯಾಗಿಯೇ ಉಳಿಯಿತು.

"ಹೆಂಚಿನ್ ಮನೆಲಿ ಹಲ್ಲು ನಿಲ್ತಿತ್ತು ಕಣ್ಲಾ" ಎಂದರು ಮಾದಮ್ಮ. "ನಿನ್ ತಾರಸಿಗೆ ಅದೇನೋ ಬಣ್ಣ ಬಳ್ದಿದ್ದೀಯಲ್ಲ, ಜಾರಿ ಬಿದ್ದೋಗೈತೆ."

ಪುಟ್ಟರಾಜು ನಂಬಲಿಲ್ಲ. ಆದರೂ ಯಾರೂ ಇಲ್ಲದ ಹೊತ್ತಿನಲ್ಲಿ ತಾರಸಿ ಹತ್ತಿ, ಮೊಣಕಾಲೂರಿ ಮೂಲೆ ಮೂಲೆ ಹುಡುಕಿ ಬಂದ. ಒಣಗಿದ ಸಗಣಿ ಸಿಕ್ಕಿತು. ಹಲ್ಲು ಸಿಗಲಿಲ್ಲ.

ಮಾರನೇ ವರ್ಷ ನೂರ್ ಫಾತಿಮಾ ಮತ್ತೆ ಶಾಲೆಗೆ ಬಂದರು. ಈ ಸಲ ಪುಟ್ಟರಾಜು ಕೊನೆಯ ಬೆಂಚಿನಲ್ಲಿ ಕೂತ. ಸರದಿ ಬಂದಾಗ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಯಾರಿಗೂ ಕೇಳದಂತೆ ಬಗ್ಗಿ ಕೇಳಿದ. "ಮೇಡಂ, ಇಲ್ಲಿ ಕಿತ್ತಿದ್ದು... ಯಾವಾಗ ಬತ್ತದೆ?"

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ಆಮೇಲೆ ಅವನನ್ನು ನೋಡಿದರು. ಗುರುತು ಸಿಕ್ಕಿತೋ ಏನೋ, ದನಿ ಮೆತ್ತಗಾಯಿತು. "ಇನ್ನು ಬರೋದಿಲ್ಲ ಅಣ್ಣ."

ಧನುಶ್ರೀ ಬಾಯಿ ತೆರೆದುಕೊಂಡೇ ಅಪ್ಪನ ಮುಖ ನೋಡಿದಳು. ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ದಿನಾ ಬೆಳಿಗ್ಗೆ ತಾನು ಹೇಳಿದ ಒಂದೊಂದು "ಬತ್ತದೆ"ಯೂ ಎದುರಿಗೆ ಬಂದು ನಿಂತಂತಾಯಿತು.

"ಮಿಕ್ಕಿದ್ದಕ್ಕಾದ್ರೂ ಹಾಕ್ಬುಡಿ ಮೇಡಂ. ಇದೇ ತರದವು ಒಟ್ಟು ನಾಕು ಅಂತ ಆಗ್ಲೇ ಎಲ್ಲಾರ್ಗೂ ಯೇಳುದ್ರಲ್ಲ, ಇನ್ನೂ ಮೂರವೆ."

"ಎರಡಕ್ಕೆ ಹಾಕ್ತೀನಿ. ಈ ಮೇಲಿನದು ಆಗಲೇ ಒಳಗೆ ಹುಳುಕಾಗಿದೆ, ಇದಕ್ಕೆ ಲೇಪ ಸಾಲದು. ಕೊರೆದು ತುಂಬಬೇಕು, ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಮುಂಚೆನೇ ಬರಬೇಕಿತ್ತು ಅಣ್ಣ. ಒಳಗೆ ಇಳಿದ ಮೇಲೆ ಬಂದರೆ ಹೀಗೇ."

ಧನುಶ್ರೀ ಬಾಯಿಂದ ಡಾಕ್ಟರ ಕೈ ಸರಿಸಿ, ಗುಂಡಿ ಕಾಣುವಂತೆ ನಕ್ಕು, ಹೆಮ್ಮೆಯಿಂದ ಜಗಲಿಗೆಲ್ಲ ಕೇಳುವಂತೆ ಹೇಳಿದಳು. "ನಮ್ಮಪ್ಪಾನೂ ಎಲ್ಲಾರ್ಗೂ ಇದ್ನೇ ಯೇಳದು ಮೇಡಂ!"

ಯಾರೂ ನಗಲಿಲ್ಲ. ಪುಟ್ಟರಾಜು ತಲೆಯೆತ್ತಿ ಮೇಲೆ ನೋಡಿದ. ಶಾಲೆಯ ಚಾವಣಿಯ ಆ ಬಿರುಕು ಅಂದು ನೋಡಿದ್ದಕ್ಕಿಂತ ಅಗಲವಾಗಿತ್ತು, ಸುತ್ತ ತೇವ ಹರಡಿತ್ತು. ಹೆಡ್‌ಮಾಸ್ಟರು ಪಕ್ಕದಲ್ಲೇ ನಿಂತಿದ್ದರು. ಈ ಸಲ ಅವನು ಅವರಿಗೆ ಬಿರುಕು ತೋರಿಸದೆ ಮಗಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತ.